ಟೈಲರಮ್ಮನ ಬೆನ್ನು

ನಮ್ಮ ಬೀದಿಯ ಟೈಲರಮ್ಮನಿಗೆ ನೋವುಗಳೆಂದರೆ ಬಾಡಿಗೆ ಕೊಡದೆ ಮೈಯಲ್ಲಿ ಬಿಡಾರ ಹೂಡಿದ ಜಗಳಗಂಟಿಯರು: ಸೊಂಟದವಳು ಕೆಳಮನೆ, ಕತ್ತಿನವಳು ಮಹಡಿ, ತಲೆನೋವಿನವಳಿಗಂತೂ ತಾರಸಿಯೇ ಬೇಕು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರನ್ನು ಗದರುತ್ತಾರೆ: "ಸುಮ್ನಿರ್ರೇ, ಈ ತೋಳೊಂದು ಮುಗೀಲಿ, ಆಮೇಲೆ ವಿಚಾರಿಸ್ಕೋತೀನಿ." ಮುಲಾಮು ಹಚ್ಚಿದರೆ ಬಟ್ಟೆಗೆ ವಾಸನೆ, ಬೆಲ್ಟು ಕಟ್ಟಿದರೆ ಉಸಿರಿಗೆ ಅಡ್ಡಿ. ಕೊನೆಗೆ ಸೊಸೆ ಹಠ ಹಿಡಿದು, ಕೈಯಲ್ಲೇ ಒತ್ತಿ ಬೆನ್ನು ಸರಿಮಾಡುವ ಡಾಕ್ಟರ ಹತ್ತಿರ ಕರೆದೊಯ್ದಳು. "ಎಲ್ಲಿ ಬೇಕಾದ್ರೂ ಹಿಸುಕಿ, ಲಟಕ್ ಅನ್ಸಿ. ಮಂಚ ಮಾತ್ರ ಹತ್ತಲ್ಲ" ಎಂದು ಟೈಲರಮ್ಮ ಸ್ಟೂಲಿನ ಮೇಲೆ ಕೂತೇಬಿಟ್ಟರು. ಪಾಪ, ಆತ ನೆಲಕ್ಕೆ ಮಂಡಿಯೂರಿ ಬಗ್ಗಿ ಬಗ್ಗಿ ಒತ್ತಿ, ತನ್ನ ಸೊಂಟವನ್ನೇ ಹಿಡಿದುಕೊಂಡು ಎದ್ದ. "ಎರಡೇ ನಿಮಿಷ ಮಲಗಿ ಅಮ್ಮ, ಏನಾಗುತ್ತೆ?" ಎಂದು ಅಂಗಲಾಚಿದ. ಟೈಲರಮ್ಮ ಬೆನ್ನು ನೆಟ್ಟಗೆ ಮಾಡಿದರು. "ನಮ್ಮಮ್ಮನೂ ಟೈಲರೇ. 'ಸೊಂಟ ಹಿಡ್ಕೊಂಡಿದೆ, ಒಂದು ಗಳಿಗೆ ಅಡ್ಡಾಗ್ತೀನಿ' ಅಂತ ಮೆಷಿನ್ ಬಿಟ್ಟು ಹೋಗಿ ಮಲಗಿದೋಳು, ಮತ್ತೆ ಏಳಲೇ ಇಲ್ಲ. ಅವಳು ಅರ್ಧಕ್ಕೆ ಬಿಟ್ಟ ತೋಳನ್ನ ನಾನೇ ಹೊಲಿದು ಮುಗಿಸಿದೆ. ಅವತ್ತಿಂದ ಕೂತೇ ಇದೀನಿ. ನೀವು ಒತ್ತಿ, ಡಾಕ್ಟ್ರೇ."