ಭಟ್ಟಿಯ ಬಳಿ ಕುಳಿತ ಮೋಟಾರು

ಬೀದರ ಕಡೆಯ ಮನ್ಮಥಪ್ಪ ನಾಸಿಕದ ನಗರಸಭೆಯಲ್ಲಿ ನೀರಿನ ಪಂಪು ನಡೆಸುತ್ತಿದ್ದ. ನಲ್ಲಿಯ ನೀರು ಕುಡಿದವರೆಲ್ಲ ತನ್ನ ಮನೆಯ ಅತಿಥಿಗಳೆಂದೇ ಅವನ ಭಾವನೆ. "ನಿನ್ನೆ ನಮ್ಮ ನೀರು ಹ್ಯಾಂಗಿತ್ರಿ?" ಎಂದು ದಾರಿಯಲ್ಲಿ ತಡೆದು ಕೇಳುತ್ತಿದ್ದ.

ಅರವತ್ತೊಂಬತ್ತರಲ್ಲಿ ಗೋದಾವರಿ ಉಕ್ಕಿ ಬಂದಾಗ, ದಿಬ್ಬದ ಮೇಲಿನ ಆಸ್ಪತ್ರೆಗೆ ನೀರು ಏರಿಸುವ ಮೋಟಾರು ಮುಳುಗಿತು. ನೆರೆ ಇಳಿಯಿತು, ಕರೆಂಟೂ ಬಂತು. ಆದರೆ ಒದ್ದೆ ಮೋಟಾರನ್ನು ಚಾಲೂ ಮಾಡಿದರೆ ಸುಟ್ಟೇ ಹೋಗುತ್ತಿತ್ತು. ಒಣಗಿಸೋಣವೆಂದರೆ ಬಿಸಿಲಿನ ಸುಳಿವಿಲ್ಲ. ಆಸ್ಪತ್ರೆಯ ಟಾಕಿಯಲ್ಲಿ ತಳದ ನೀರಷ್ಟೇ ಉಳಿದಿತ್ತು. ಹಿಂದಿನ ದಿನ ಹೆತ್ತ ಅವನ ಹೆಂಡತಿ ಪ್ರೇಮಾಬಾಯಿಯೂ ಅಲ್ಲೇ ಇದ್ದಳು.

ಮನ್ಮಥಪ್ಪ ಮೋಟಾರನ್ನು ಬಿಚ್ಚಿ, ಕೆಸರು ತೊಳೆದು, ಕೈಗಾಡಿಯಲ್ಲಿ ಹೇರಿಕೊಂಡು ರತ್ನಾಕರರ ಉಡುಪಿ ಹೋಟೆಲಿಗೆ ಬಂದ.

"ರತ್ನಾಕರಣ್ಣ, ಇದನ್ನ ಸಂಜೀತನಕ ನಿಮ್ಮ ಭಟ್ಟಿ ಮಗ್ಗಲಕ ಕುಂಡ್ರಸ್ರಿ."

"ಎಂತ ಮಾರಾಯ್ರೆ, ಇದು ಅಡುಗೆಮನೆ! ಗಿರಾಕಿಗಳು ಎಂತ ಹೇಳಿಯಾರು?"

"ಬಾಣಂತ್ಯಾರಿಗೆ ನೀರಿಲ್ರಿ."

ರತ್ನಾಕರರು ಭಟ್ಟಿಗೆ ಇನ್ನಷ್ಟು ಕಟ್ಟಿಗೆ ಒಟ್ಟಿಸಿದರು. ದೋಸೆಯ ಕಾವಲಿಯ ಪಕ್ಕದಲ್ಲೇ ಮೋಟಾರು ಆಸೀನವಾಯಿತು. ಮನ್ಮಥಪ್ಪ ಜ್ವರ ಬಂದ ಮಗುವನ್ನು ಮುಟ್ಟುವಂತೆ ಅದನ್ನು ಮುಟ್ಟಿ ನೋಡುತ್ತ ಕುಳಿತ.

ದೋಸೆ ಹುಯ್ಯುವ ಉಮಾನಾಥ ಭಟ್ಟರು ಮಾತಿನ ಮಲ್ಲರು. ನೆರೆಯ ಸುದ್ದಿ ಹೇಳುತ್ತ ಹೇಳುತ್ತ, ಹಿಡಿಸೂಡಿಯನ್ನು ನೀರಿಗದ್ದಿ ಕಾವಲಿಗೆ ಚಿಮುಕಿಸಿದರು. ಅದೇ ಓಘದಲ್ಲಿ ಪಕ್ಕಕ್ಕೂ ಧಾರಾಳವಾಗಿ ಚಿಮುಕಿಸಿಬಿಟ್ಟರು. ಕಾದದ್ದು ಎದುರಿಗಿದ್ದರೆ ನೀರು ಎರಚುವುದು ಆ ಕೈಗೆ ರೂಢಿ. ಒಣಗುತ್ತ ಬಂದಿದ್ದ ಮೋಟಾರು 'ಚುಂಯ್' ಎಂದಿತು.

ಅಡುಗೆಮನೆಯವರೆಲ್ಲ ಮೋಟಾರಿನ ಕಡೆ ತಿರುಗಿದರು.

"ಒಳ್ಳೆ ಕಾದಿದೆ ಮಾರಾಯ್ರೆ," ಎಂದರು ಭಟ್ಟರು, ಸಣ್ಣ ದನಿಯಲ್ಲಿ.

"ಹಂಗಾರ ಹಿಟ್ಟೂ ಹುಯ್ದು ಬಿಡ್ರಿ!" ಎಂದು ಮನ್ಮಥಪ್ಪ ತಲೆ ಹಿಡಿದುಕೊಂಡ. ತಂತಿಯ ಸುರುಳಿಗಳ ನಡುವೆ ನೀರು ಇಳಿದಿತ್ತು. ಮತ್ತೆ ಮೊದಲಿನಿಂದ ಒಣಗಿಸಬೇಕಾಯಿತು.

ಭಟ್ಟರನ್ನು ಇನ್ನು ಅಲ್ಲಿ ನಿಲ್ಲಿಸುವುದು ಅಪಾಯವೆಂದು ರತ್ನಾಕರರು ದೋಸೆಯನ್ನೇ ನಿಲ್ಲಿಸಿ, ಹಿತ್ತಲ ಬಾವಿಯ ನೀರು ತುಂಬಿದ ಕೊಡಗಳೊಡನೆ ಅವರನ್ನು ಆಸ್ಪತ್ರೆಗೆ ಅಟ್ಟಿದರು. ಭಟ್ಟರು ದಿಬ್ಬ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮಾತು ಮಾತ್ರ ನಿಂತಿತ್ತು. ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಟಾಕಿ ಬರಿದಾದರೂ ಬಾಣಂತಿಯರಿಗೆ ಕುಡಿಯುವ ನೀರು ತಪ್ಪಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೋಟಾರು ಒಣಗಿತು. ಒಯ್ದು ಪಂಪಿಗೆ ಜೋಡಿಸಿ ಚಾಲೂ ಮಾಡಿದಾಗ ಒಮ್ಮೆ ಗೊರಗುಟ್ಟಿ, ಆಮೇಲೆ ಹದಕ್ಕೆ ಬಂತು. ಮನ್ಮಥಪ್ಪ ಓಡುತ್ತ ದಿಬ್ಬ ಹತ್ತಿ ಬಂದಾಗ ವಾರ್ಡಿನ ನಲ್ಲಿ ಸುರಿಯುತ್ತಿತ್ತು. ಅವನು ತೊಟ್ಟಿಲ ಕಡೆಗೆ ಎರಡೂ ಕೈ ಚಾಚಿದ.

"ಅಯ್ಯ, ಮುಟ್ಟಬ್ಯಾಡ್ರಿ!" ಎಂದಳು ಪ್ರೇಮಾಬಾಯಿ. "ಮೈತುಂಬ ಮಸಿ! ನೀರು ಬಂದಾವಲ್ಲ, ಮೊದಲ ಕೈ ತೊಳಕೊಂಡು ಬರ್ರಿ."