ರೇಣುಕಾ ಎಲ್ಲರ ಜ್ವರ ನೋಡಿದ ಸಂಜೆ

೨೦೦೩ರಲ್ಲಿ ನಾನು ಹೈದರಾಬಾದಿನ ಕಾಚಿಗೂಡದ ಹತ್ತಿರ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತಿದ್ದೆ. ಊರಿಗೆ ಊರೇ ಐಟಿ ಐಟಿ ಎಂದು ಕುಣಿಯುತ್ತಿದ್ದ ಕಾಲ. ಗೋಡೆಗಳ ಮೇಲೆ ಕಂಪ್ಯೂಟರ್ ಕೋರ್ಸುಗಳ ಜಾಹೀರಾತು ಬಿಟ್ಟರೆ ಸುಣ್ಣ ಕಾಣುತ್ತಿರಲಿಲ್ಲ. ಆ ಗಾಳಿ ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೂ ಬಡಿಯಿತು. ಕಂಪ್ಯೂಟರ್ ಕೊಳ್ಳುವ ಶಕ್ತಿ ಶಾಲೆಗಿರಲಿಲ್ಲವಾದ್ದರಿಂದ, ಎಂಟನೇ ತರಗತಿಗೆ ವಾರಕ್ಕೊಂದು ಪಿರಿಯಡ್ ‘ದಿನಬಳಕೆಯ ಡಿಜಿಟಲ್ ಸಾಧನಗಳು’ ಎಂದು ಗೊತ್ತುಮಾಡಿ ಅದನ್ನು ನನ್ನ ಕೊರಳಿಗೆ ಕಟ್ಟಿದರು.

ಮೊದಲು ಗೊಣಗಿದೆ, ಆಮೇಲೆ ನನಗೇ ಅದರ ರುಚಿ ಹತ್ತಿತು. ಹಿಮಾಯತ್‌ನಗರದ ಮನೆಯಿಂದ ಗಡಿಯಾರ, ಕ್ಯಾಲ್ಕ್ಯುಲೇಟರ್, ಥರ್ಮಾಮೀಟರ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಡುತ್ತಿದ್ದೆ. “ಮನಿ ಖಾಲಿ ಮಾಡಾಕತ್ತೀರೇನ್ರಿ?” ಎಂದು ಹೆಂಡತಿ ರೇಗಿಸುತ್ತಿದ್ದಳು. ತರಗತಿಯಲ್ಲಿ ಒಂದೊಂದನ್ನೇ ಮಕ್ಕಳ ಕೈಗೆ ಕೊಟ್ಟು ವಿವರಿಸುತ್ತಿದ್ದೆ. ಒಳಗೊಂದು ಸೆನ್ಸರ್ ಇರುತ್ತದೆ, ಅಂದರೆ ಬಿಸಿಯನ್ನೋ ತೂಕವನ್ನೋ ಗ್ರಹಿಸುವ ಭಾಗ. ಅದು ಗ್ರಹಿಸಿದ್ದನ್ನು ಚಿಪ್ ಅಂಕಿಯಾಗಿ ಮಾಡಿ ತೋರಿಸುತ್ತದೆ. ಪಕ್ಕದಲ್ಲಿ ಯಾವ ಯೂನಿಟ್ಟಿನ, ಅಂದರೆ ಯಾವ ಮಾನದ ಅಕ್ಷರ ಇದೆಯೆಂದು ನೋಡದೆ ಅಂಕಿ ಓದಬೇಡಿ ಎಂದು ಹೇಳಿ ಹೇಳಿ ಅವರ ತಲೆ ತಿನ್ನುತ್ತಿದ್ದೆ.

ನನ್ನ ತಲೆ ತಿನ್ನಲು ರೇಣುಕಾ ಇದ್ದಳು. ಯಾದಗಿರಿ ಕಡೆಯ ಹುಡುಗಿ. ತಂದೆ ಮಲ್ಲಪ್ಪ ಮಾದಾಪುರದ ಹೊಸ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ಕಾಂಕ್ರೀಟ್ ಸುರಿಯುವ ಮುನ್ನ ಹಲಗೆ ಕಟ್ಟುವ ಕೆಲಸ. ತಾಯಿ ಶಾಂತಮ್ಮ ಫ್ಲ್ಯಾಟುಗಳಲ್ಲಿ ಕಸಮುಸುರೆ ಮಾಡುತ್ತಿದ್ದರು. ಯಾವ ಸಾಧನ ತೋರಿಸಿದರೂ ಈ ಹುಡುಗಿಯದು ಒಂದೇ ಪ್ರಶ್ನೆ: “ಇದು ಖರೇ ಹೇಳ್ತದೋ ಸುಳ್ಳು ಹೇಳ್ತದೋ ಹೆಂಗ್ ಗೊತ್ತಾಗಬೇಕ್ರಿ ಸರ್?” ಕ್ಯಾಲ್ಕ್ಯುಲೇಟರಿನ ಉತ್ತರವನ್ನೂ ಕೈಯಿಂದ ಮತ್ತೊಮ್ಮೆ ಗುಣಿಸಿ ನೋಡುವಳು. “ನಿನ್ನ ಬ್ಯಾಟರಿ ಮುಗಿಯಂಗೇ ಇಲ್ಲೇನವಾ?” ಎಂದು ನಾನು ಛೇಡಿಸಿದರೆ ತರಗತಿಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು, ಆದರೆ ಎತ್ತಿದ ಕೈ ಇಳಿಸುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಒಮ್ಮೆ ಮೂರು ದಿನ ಅವಳ ಸುಳಿವಿಲ್ಲ. ಕೂಲಿಯ ಕುಟುಂಬಗಳು ಒಂದು ಮಾತು ಹೇಳದೆ ಸೈಟಿನಿಂದ ಸೈಟಿಗೆ ಗಂಟುಮೂಟೆ ಕಟ್ಟುವುದುಂಟು. ಆದ್ದರಿಂದ ಮಕ್ಕಳು ಶಾಲೆ ತಪ್ಪಿಸಿದರೆ ನಾವೇ ಮನೆಗೆ ಹೋಗಿ ವಿಚಾರಿಸುವ ಪದ್ಧತಿ ಶಾಲೆಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ಸ್ಟೇಷನ್ನಿನ ಹಿಂದಿನ ತಗಡಿನ ಮನೆಗಳ ಸಾಲಿಗೆ ಹೋದೆ.

ಒಳಗೆ ಕಂಡದ್ದು ಹೀಗಿತ್ತು. ಎರಡು ವರ್ಷದ ತಮ್ಮ ಶಿವು ಕೌದಿಯ ಮೇಲೆ ಸಪ್ಪಗೆ ಮಲಗಿದ್ದ. ತುಟಿ ಒಣಗಿತ್ತು, ಉಸಿರು ಜೋರಾಗಿ ಏರಿಳಿಯುತ್ತಿತ್ತು. ಶಾಂತಮ್ಮ ಒದ್ದೆ ಬಟ್ಟೆಯಿಂದ ಅವನ ಹಣೆ ಒರೆಸುತ್ತಿದ್ದರು. ರೇಣುಕಾ ಮಾತ್ರ ತಮ್ಮನನ್ನು ಬಿಟ್ಟು, ಪಕ್ಕದ ಮನೆಯ ಮುದುಕಿಯ ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಕಾಯುತ್ತ ಕೂತಿದ್ದಳು.

ಮಲ್ಲಪ್ಪನವರಿಗೆ ಸಿಟ್ಟು ಬಂದಿತ್ತು. “ನೋಡ್ರಿ ಸರ್, ಇಕಿ ಓಣಿ ಮಂದಿಗೆಲ್ಲ ಮಷೀನ್ ಇಡಾಕತ್ತಾಳ. ಹುಡುಗನ ಮೈ ಬೆಚ್ಚಗೈತಿ ಖರೇ. ಆದ್ರ ಜ್ವರ ಅಂದ್ರ ನೂರು ದಾಟಬೇಕಲ್ರಿ? ಇದು ಬರೇ ಮೂವತ್ತೊಂಬತ್ತು ತೋರಸ್ತೈತಿ. ಫಾರಿನ್ ಮಷೀನು, ಸುಳ್ಳು ಹೇಳ್ತದೇನ್ರಿ? ನಾಳೆ ಸ್ಲ್ಯಾಬ್ ಹಾಕೋದೈತಿ, ಅದು ಮುಗಿಸ್ಕೊಂಡು ನಾಡದ ದವಾಖಾನೀಗೆ ಹೋದ್ರಾತು.”

ಶಾಂತಮ್ಮ ಕೆಲಸ ಮಾಡುತ್ತಿದ್ದ ಮನೆಯವರು ಹೊರದೇಶದಲ್ಲಿದ್ದು ಬಂದವರು. ಮನೆ ಬದಲಿಸುವಾಗ ಈ ಥರ್ಮಾಮೀಟರನ್ನು ಕೊಟ್ಟುಹೋಗಿದ್ದರಂತೆ. ದೇವರ ಪಟದ ಪಕ್ಕ ಅದಕ್ಕೆ ಜಾಗ, ಮೇಲೊಂದು ಕುಂಕುಮದ ಬೊಟ್ಟು. ನಮ್ಮ ಜನ ಜ್ವರವನ್ನು ನೂರು, ನೂರೆರಡು ಎಂದೇ ಮಾತಾಡುತ್ತಾರೆ. ಅದು ಫ್ಯಾರನ್‌ಹೀಟ್ ಮಾನ. ಈ ಸಾಧನದ್ದು ಸೆಲ್ಸಿಯಸ್. ಅದನ್ನು ಹೇಳಬೇಕಾದ ಅಕ್ಷರ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಮೈ ಸುಡುತ್ತಿದೆ ಎಂದು ತಾಯಿ ಮೊದಲ ದಿನದಿಂದ ಬಡಿದುಕೊಂಡರೂ, ಆ ಅಂಕಿಯ ಮುಂದೆ ಹೆತ್ತವಳ ಕೈಗೆ ಬೆಲೆ ಸಿಕ್ಕಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಧನ ಕೀಂಗುಟ್ಟಿತು. ರೇಣುಕಾ ಅದನ್ನು ತೆಗೆದು ನೋಡಿ ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಈ ಆಯೀದೂ ಮೂವತ್ತಾರು ಚಿಲ್ಲರೆ. ನಂದೂ ಅಷ್ಟ, ಅವ್ವಂದೂ ಅಷ್ಟ, ನಿಂದೂ ಅಷ್ಟ. ತಮ್ಮಂದು ಒಬ್ಬಂದ ಮೂವತ್ತೊಂಬತ್ತೂವರಿ. ನೂರು ಗೀರು ನನಗ ತಿಳಿಯಂಗಿಲ್ಲ. ಆರಾಮ ಇದ್ದವರಕಿಂತ ಇವನ ಮೈ ಭಾಳ ಕಾದೈತಿ. ನಾಡದ ಅಲ್ಲ, ಈಗ ನಡಿ.”

ಮಲ್ಲಪ್ಪ ನನ್ನ ಮುಖ ನೋಡಿದರು. ಮಗಳ ಮಾತನ್ನು ಮೇಷ್ಟ್ರು ತಳ್ಳಿಹಾಕಲಿ ಎಂಬ ಆಸೆ ಅವರ ಕಣ್ಣಲ್ಲಿತ್ತು.

“ಮಷೀನ್ ಸುಳ್ಳು ಹೇಳಿಲ್ರಿ ಮಲ್ಲಪ್ಪ, ಅದರ ಲೆಕ್ಕ ಬ್ಯಾರೆ ಐತಿ,” ಎಂದೆ. “ನಿಮ್ಮ ಲೆಕ್ಕದಾಗ ಇದು ನೂರಾ ಮೂರು. ಮಗಳು ಹೇಳಿದ್ದು ಖರೇ. ಲಗೂನ ಆಟೋ ತರ್ರಿ.”

ಅವರು ಬರಿಗಾಲಲ್ಲೇ ಓಡಿದರು. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಎದೆಯಲ್ಲಿ ಸೋಂಕು, ಜೊತೆಗೆ ಮೈಯಲ್ಲಿ ನೀರಿನಂಶ ಇಳಿದಿತ್ತು. ಇನ್ನೊಂದು ದಿನ ತಡವಾಗಿದ್ದರೆ ನಮ್ಮ ಕೈಮೀರುತ್ತಿತ್ತು ಎಂದು ತೆಲುಗಿನ ಡಾಕ್ಟರಮ್ಮ ಹೇಳಿದಾಗ ಮಲ್ಲಪ್ಪ ಅಲ್ಲೇ ಕುಸಿದು ಕೂತು, “ನಾ ಅಂಕಿ ನೋಡಿಕೋತ ಕುಂತಿದ್ನಲ್ರಿ ಸರ್,” ಎಂದು ಗಳಗಳ ಅತ್ತರು. ರೇಣುಕಾ ಅಳಲಿಲ್ಲ. ನರ್ಸಿನ ಬೆನ್ನುಬಿದ್ದು, ಹಚ್ಚಿದ ಆಕ್ಸಿಜನ್ ಸರಿಯಾಗಿ ಬರುತ್ತಿದೆಯೆಂದು ಹೇಗೆ ತಿಳಿಯುತ್ತದೆ ಎಂದು ಕೇಳುತ್ತಿದ್ದಳು. ನನಗೆ ಆ ಹುಡುಗಿಯ ಕಾಲು ಮುಟ್ಟಬೇಕೆನಿಸಿತು, ಸುಳ್ಳೇಕೆ ಹೇಳಲಿ.

ಶಿವು ಗುಣವಾಗಿ ಮನೆಗೆ ಬಂದ. ರೇಣುಕಾ ಶಾಲೆಗೆ ಮರಳಿದ ದಿನ ನಾನು ಪಾಠ ಮಾಡಲಿಲ್ಲ. ಅವಳನ್ನೇ ಹಲಗೆಯ ಮುಂದೆ ನಿಲ್ಲಿಸಿ ನಡೆದದ್ದನ್ನು ಹೇಳಿಸಿದೆ. ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್ ಮಾಡುವ ಸೂತ್ರವನ್ನು ಆಮೇಲೆ ಯಾರಾದರೂ ಬಾಯಿಪಾಠ ಮಾಡಬಹುದು. ಅಳತೆಯ ಮಾನವೇ ತಿಳಿಯದಿದ್ದಾಗ ಆರೋಗ್ಯವಂತರ ಜೊತೆ ಹೋಲಿಸಿ ನೋಡಬೇಕೆಂದು ಇವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: “ನಿಂದೊಂದ ನೋಡ್ಕೊಂಡಿದ್ರ ಸಾಕಾಗ್ತಿತ್ತಲ್ಲ? ಓಣಿ ಮಂದೀದೆಲ್ಲ ಯಾಕ ನೋಡಿದಿ?”

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. “ನನಗೂ ಜ್ವರ ಬಂದಿದ್ರ?” ಎಂದಳು.

ಸಾಧನ ಬಳಸುವುದನ್ನು ಯಾವ ಮೇಷ್ಟ್ರಾದರೂ ಕಲಿಸಬಹುದು. ತನ್ನ ಮೇಲೂ ಅನುಮಾನ ಇಟ್ಟುಕೊಂಡು ಅಳೆಯುವ ಮಗು ತರಗತಿಯಲ್ಲಿ ಕೈ ಎತ್ತಿದಾಗ, ಗಂಟೆ ಹೊಡೆದಿದ್ದರೂ ನಿಂತು ಕೇಳಬೇಕು. ನಿವೃತ್ತಿಯಾಗುವವರೆಗೂ ನಾನು ಹಾಗೆ ನಿಂತೆ.