ಪದ್ಮಶ್ರೀ ಅಳಿಸದೆ ಬಿಟ್ಟ ಡಬ್ಬಿ

ನನಗೆ ಕೋಪ ಮೂಗಿನ ತುದಿಯಲ್ಲೇ. ದೊಡ್ಡಬಳ್ಳಾಪುರದಲ್ಲಿ ವೆಬ್‌ಸೈಟು ಮಾಡಿಕೊಡುವ ಎರಡು ಕೋಣೆಯ ಆಫೀಸು ಇಟ್ಟಿದ್ದೀನಿ. ಕೆಲಸಕ್ಕಿರೋ ಇಬ್ಬರಲ್ಲಿ ಹೆಚ್ಚು ಬೈಸಿಕೊಳ್ಳೋದು ಪದ್ಮಶ್ರೀ. ಅವಳ ವಿಷಯ ಬರೀಬೇಕು ಅಂತ ಕೂತರೆ ನನಗೇ ಮಂಗಳಾರತಿ ಆಗೋ ಹಾಗಿದೆ. ಆಗಲಿ.

ಪದ್ಮಶ್ರೀಗೆ ಮೂವತ್ತೊಂದು. ಹನ್ನೆರಡನೇ ವಯಸ್ಸಿನಿಂದ ಹಾಸು ಕೆಚ್ಚಿದ ಕೈ ಅದು. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು ಹಾಸು. ಅದು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೇ ಎಳೆಯ ತುದಿಗೆ ಹೊಸೆದು ಸೇರಿಸೋದೇ ಕೆಚ್ಚೋದು. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಕೆಚ್ಚುತ್ತಲೇ ಬಿಕಾಂ ಮಾಡಿ, ಕಂಪ್ಯೂಟರ್ ಕಲಿತು ನನ್ನ ಹತ್ತಿರ ಬಂದಳು.

ನಮ್ಮಪ್ಪ ಪಾಪಯ್ಯ ಐವತ್ತು ವರ್ಷ ಸೀರೆಗೆ ಡಿಸೈನು ಬರೆದವರು. ಚೌಕಳಿ ಕಾಗದದಲ್ಲಿ ನಾನೂರ ಹನ್ನೆರಡು ಡಿಸೈನು ಮನೇಲಿದ್ದವು. ಅವುಗಳ ಹೆಸರು, ಬಣ್ಣ, ಯಾವ ಅಂಚಿಗೆ ಯಾವ ಸೆರಗು ಅನ್ನೋದು ಮಾತ್ರ ಅಪ್ಪನ ತಲೇಲಿತ್ತು. ಪದ್ಮಶ್ರೀ ನಾಲ್ಕು ತಿಂಗಳು ಅವರ ಪಕ್ಕ ಕೂತು, ಹೇಳಿದ್ದೆಲ್ಲ ನಮ್ಮ ಹೊಸ ಅಪ್ಲಿಕೇಶನ್ನಿಗೆ ತುಂಬಿದಳು. ಅದು ಮುಗಿದ ವಾರಕ್ಕೇ ಅಪ್ಪನಿಗೆ ಸ್ಟ್ರೋಕ್ ಆಗಿ ಮಾತು ಬಿದ್ದುಹೋಯ್ತು. ಈಗ ಯಾರು ಏನು ಕೇಳಿದರೂ 'ಆ' ಅಂತಾರೆ, ಅಷ್ಟೇ.

ಅವರ ಮಾತೆಲ್ಲ ಇದ್ದದ್ದು ಪದ್ಮಶ್ರೀ ಕಂಪ್ಯೂಟರಿನ ಒಂದು ಕಂಟೈನರಿನಲ್ಲಿ. ಡಬ್ಬಿ ಅಂದುಕೊಳ್ಳಿ. ಸರ್ವರ್ ಒಂದು ಡಬ್ಬಿ, ಡೇಟಾಬೇಸ್ ಒಂದು ಡಬ್ಬಿ. ಹೀಗೆ ಕಟ್ಟಿಟ್ಟರೆ ಅಪ್ಲಿಕೇಶನ್ನು ಯಾರ ಕಂಪ್ಯೂಟರಲ್ಲಿ ತೆರೆದರೂ ಒಂದೇ ಥರ ಓಡುತ್ತೆ. ಬ್ಯಾಕಪ್ ನಾನು ತಗೋತೀನಿ ಅಂದಿದ್ದೆ. ತಗೊಂಡಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಮೂರೂ ಕಂಪ್ಯೂಟರಿಗೆ ಹೊಸದಾಗಿ ಸೆಟಪ್ ಮಾಡೋಕೆ ಕೂತೆ. ಒಂದೇ ಫೈಲು, ಒಂದೇ ಕಮಾಂಡು, ಎಲ್ಲ ಡಬ್ಬಿಗಳೂ ತಾವೇ ಎದ್ದು ನಿಲ್ಲಬೇಕು. ನನ್ನದರಲ್ಲಿ ಎದ್ದವು, ಕೆಲಸದ ಇನ್ನೊಬ್ಬಳು ಗಾನವಿಯದರಲ್ಲೂ ಎದ್ದವು. ಪದ್ಮಶ್ರೀದು ಮಾತ್ರ ಜಾಗ ಇಲ್ಲ ಅಂತ ಹಟ ಹಿಡಿಯಿತು. ನೋಡಿದರೆ ನಿಲ್ಲಿಸಿಟ್ಟ ಹಳೇ ಡಬ್ಬಿ ಹನ್ನೊಂದು.

"ಈ ಕಸ ಯಾಕಮ್ಮ ಇಟ್ಕೊಂಡಿದ್ದೀಯ?"

"ಕೆಚ್ಚೋರು ಹಳೇ ತುದಿ ಕತ್ತರಿಸಲ್ಲ ಸರ್. ಕತ್ತರಿಸಿದ್ರೆ ಮತ್ತೆ ಮೊದಲಿಂದ ಒಂದೊಂದೇ ಎಳೆ ಪೋಣಿಸ್ಬೇಕು. ಹೊಸದು ಸರಿಯಾಗಿ ಓಡ್ಲಿ, ಆಮೇಲೆ ನಾನೇ..."

"ಇದು ಮಗ್ಗ ಅಲ್ಲ, ಏಳು ಮೇಲೆ," ಅಂದೆ.

ಅವಳ ಕುರ್ಚೀಲಿ ಕೂತು, ಎಲ್ಲ ಕಂಟೈನರನ್ನೂ ಅವುಗಳ ಡೇಟಾ ಸಮೇತ ಅಳಿಸುವ ಕಮಾಂಡು ಕೊಟ್ಟೆ. ಖಾತ್ರಿನಾ ಅಂತ ಕೇಳಿತು. ಹೌದು ಅಂತ ಒತ್ತಿದೆ. ಹೊಸ ಡಬ್ಬಿಗಳು ಚಕಚಕ ಎದ್ದವು, ಅಪ್ಲಿಕೇಶನ್ನೂ ತೆರೆಯಿತು. ಒಟ್ಟು ಡಿಸೈನು: ಸೊನ್ನೆ.

"ಅಪ್ಪಂದೆಲ್ಲ ಎಲ್ಲಿ?" ಅಂದೆ.

"ಅದರಲ್ಲೇ ಇತ್ತು ಸರ್."

ಗಾನವಿ ಎದ್ದು ಹೊರಗೆ ಹೋದಳು. ಪದ್ಮಶ್ರೀ ಹೆದರಿಕೊಂಡೇ ಹೇಳಿದಳು. ಹೋದ ತಿಂಗಳು ಹೊಸ ಕಂಪ್ಯೂಟರ್ ಬಂದಾಗ ಹಳೇ ಲ್ಯಾಪ್‌ಟಾಪನ್ನು, ಪೂರ್ತಿ ಅಳಿಸಿ ನಿನ್ನ ಮಗಳಿಗೆ ಕೊಡು ಅಂತ ನಾನೇ ಅವಳಿಗೆ ಕೊಟ್ಟಿದ್ದೆ. ಅಪ್ಪ ಹೇಳಿದ್ದನ್ನೆಲ್ಲ ಮೊದಲು ತುಂಬಿದ್ದು ಅದರಲ್ಲೇ, ಅವಳು ಅಳಿಸಿರಲಿಲ್ಲ. ಆದರೆ ನಿಧಾನ ಆಗಿದೆ, ಫಾರ್ಮ್ಯಾಟ್ ಮಾಡ್ತೀನಿ ಅಂತ ಮೊನ್ನೆ ಅವಳ ಗಂಡ ಹೇಳ್ತಿದ್ದನಂತೆ. ಮಾಡಿದ್ದಾನೋ ಇಲ್ಲವೋ ಗೊತ್ತಿಲ್ಲ. ಅವನ ಕಾರ್ಖಾನೇಲಿ ಒಳಗೆ ಫೋನ್ ಬಿಡಲ್ಲ.

ಅವಳ ಮನೆಗೆ ಓಡಿದೆವು. ಬೀದಿ ಪೂರ್ತಿ ನಿಶ್ಶಬ್ದ, ಒಂದು ಮಗ್ಗವೂ ಓಡ್ತಿಲ್ಲ. ಕರೆಂಟಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ವೈರು ಚುಚ್ಚದೆ ಅದು ಉಸಿರಾಡಲ್ಲ.

ಒಳಗೆ ಅವಳ ಅತ್ತೆ ಗಂಗಲಕ್ಷ್ಮಮ್ಮ ಹಾಸು ಕೆಚ್ಚುತ್ತಾ ಕೂತಿದ್ದರು. ಪದ್ಮಶ್ರೀ ಕೈ ತೊಳೆದು ಅವರ ಪಕ್ಕ ಕೂತಳು. ನಾನು ಬಾಗಿಲಿಗೂ ಮೀಟರಿಗೂ ಓಡಾಡಿದೆ. ಅಜ್ಜಿಗೆ ಸಾಕಾಗಿ, "ಪಾಪಯ್ಯನ ಮಗ ಚೌಡೇಶ ಅಲ್ವೇನಪ್ಪಾ, ಕೂತ್ಕೋ. ಎಳೆ ಬಿಡಿಸಿಕೊಡು," ಅಂದರು. ಕೂತೆ. ಹಳೇ ಹಾಸಿನ ಗೇಣುದ್ದದ ತುದಿ ಮಗ್ಗದಲ್ಲೇ ಉಳಿದಿತ್ತು. ಒಂದೊಂದೇ ಎಳೆ ಬಿಡಿಸಿ ಕೊಟ್ಟೆ, ಪದ್ಮಶ್ರೀ ಹೊಸೆದಳು. ನನ್ನ ಅವಸರಕ್ಕೆ ಎರಡು ಎಳೆ ಕಿತ್ತುಹೋದವು. ಅಪ್ಪನ ಮಾತನ್ನು ನನ್ನ ಕೈಯಾರೆ ಅಳಿಸಿದ್ದೀನಿ ಅನ್ನೋದು ಬಿಟ್ಟರೆ ತಲೇಲಿ ಬೇರೇನೂ ಇರಲಿಲ್ಲ.

ಮುಕ್ಕಾಲು ಗಂಟೆ ಆಯ್ತು. ಆಮೇಲೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳೋಕೆ ಶುರು ಮಾಡಿದವು. ನಾನು ಎದ್ದೆ, ಅವಳು ಏಳಲಿಲ್ಲ. "ಈ ಕಟ್ಟು ಮುಗೀಲಿ ಸರ್, ಹನ್ನೆರಡೇ ಎಳೆ," ಅಂದಳು. ಬೈಯೋಕೆ ಬಾಯಿ ತೆರೆದೆ, ಮುಚ್ಚಿಕೊಂಡು ಹನ್ನೆರಡು ಎಳೆ ಬಿಡಿಸಿ ಕೊಟ್ಟೆ.

ಲ್ಯಾಪ್‌ಟಾಪು ಏಳೋಕೆ ಐದು ನಿಮಿಷ ತಗೊಂಡಿತು. ಮೊದಲು ಮಗಳು ಹರ್ಷಿತಳ ಚಿತ್ರಗಳು ಕಂಡವು. ಗಂಡ ಫಾರ್ಮ್ಯಾಟ್ ಮಾಡಿರಲಿಲ್ಲ. ನಿಂತಿದ್ದ ಹಳೇ ಡಬ್ಬಿಯನ್ನು ಪದ್ಮಶ್ರೀ ಹೆಸರು ಹಿಡಿದು ಎಬ್ಬಿಸಿದಳು. ಒಟ್ಟು ಡಿಸೈನು: ನಾನೂರ ಹನ್ನೆರಡು.

ಗಂಗಲಕ್ಷ್ಮಮ್ಮನ ಎದುರಿಗೇ ಅತ್ತುಬಿಟ್ಟೆ. ಪದ್ಮಶ್ರೀ ನನ್ನ ಕಡೆ ನೋಡದೆ ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದಳು. ಆಮೇಲೆ, "ಹೇಗೂ ಇಲ್ಲೇ ಇದ್ದೀರ, ಇದೊಂದು ಹೇಳ್ಬಿಡಿ ಸರ್," ಅಂತ ಕೊನೇ ಡಿಸೈನು ತೆಗೆದಳು.

ಹೆಸರಿನ ಜಾಗ ಖಾಲಿ ಇತ್ತು. ಕೆಳಗೆ ಅಪ್ಪನ ಮಾತನ್ನು ಹೇಳಿದ ಹಾಗೇ ಬರೆದಿದ್ದಳು: 'ಇದಕ್ಕೆ ಹೆಸರಿಟ್ಟೋನು ಚೌಡೇಶ. ಆರು ವರ್ಷದೋನು, ನಾನು ಬರೀವಾಗ ತೊಡೆ ಮೇಲೆ ಕೂತಿದ್ದ. ನಂಗೆ ಮರ್ತೋಗಿದೆ. ಅವನನ್ನ ಕೇಳಿ ಬರ್ಕೊಳಮ್ಮ, ಅವನಿಗೆ ಗೊತ್ತಿರುತ್ತೆ.'

"ಎರಡು ಸಲ ಕೇಳಿದ್ದೆ ಸರ್. ಕೆಲಸ ನೋಡು ಅಂದ್ರಿ."

ಅಂಚನ್ನು ನೋಡಿದೆ. ಬಾಲ ಸೊಟ್ಟಗಿರೋ ಸಣ್ಣ ಸಣ್ಣ ಹಕ್ಕಿಗಳು, ಎಲ್ಲ ಒಂದೇ ಕಡೆ ತಿರುಗಿ ನಿಂತಿವೆ. ಎಷ್ಟು ಹೊತ್ತು ನೋಡಿದರೂ ಏನೂ ಬರಲಿಲ್ಲ. ಅಪ್ಪನ ತೊಡೆ ಕೂಡ ನೆನಪಾಗಲಿಲ್ಲ.

ಪದ್ಮಶ್ರೀ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕಾಯ್ತಿದ್ದಳು.

"ನೆನಪಿಲ್ಲ," ಅಂದೆ. ಮಗ್ಗದ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಯ್ತು.